ಕೋಳಿಗರಿಯಲ್ಲಿ ಬರೆದ ಕಾರು

1991ರಲ್ಲಿ ಬಿಎಂಡಬ್ಲ್ಯು ಕಂಪನಿಯು ತನ್ನ 525ಐ ಮಾದರಿಯ ಒಂದು ಕಾರನ್ನು ದಕ್ಷಿಣ ಆಫ್ರಿಕಾದ ಚಿತ್ರಕಲಾವಿದೆ ಎಸ್ತರ್ ಮಹ್ಲಾಂಗು ಅವರ ಮುಂದೆ ತಂದು ನಿಲ್ಲಿಸಿತು. ಅದರ ಮೇಲೆ ನಿಮಗೆ ತೋಚಿದ್ದನ್ನು ಬರೆಯಿರಿ ಎಂಬುದು ಕೋರಿಕೆ. ಆಗ ಅವರು ಐವತ್ತೈದರ ಆಸುಪಾಸಿನಲ್ಲಿದ್ದರು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಬರೆದದ್ದೆಲ್ಲ ಹೆಚ್ಚಾಗಿ ಮನೆಯ ಗೋಡೆಗಳ ಮೇಲೆ. ಕಾರಿಗೆ ಕೈ ಹಚ್ಚುವ ಮೊದಲು ಅವರು ಬಿಡಿಯಾಗಿದ್ದ ಒಂದು ಕಾರಿನ ಬಾಗಿಲನ್ನು ತರಿಸಿಕೊಂಡು ಅದರ ಮೇಲೆ ಬರೆದು ನೋಡಿದರು. ಮಣ್ಣಿನ ಗೋಡೆ ಬಣ್ಣವನ್ನು ಹೀರುತ್ತದೆ, ತಗಡು ಹೀರುವುದಿಲ್ಲ. ಗೋಡೆ ನೇರವಾಗಿ ನಿಲ್ಲುತ್ತದೆ, ಬಾಗಿಲು ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ. ಅಷ್ಟು ಪರೀಕ್ಷೆ ಸಾಕಾಯಿತು ಎಂದು ಕಾಣುತ್ತದೆ. ಒಂದು ವಾರದಲ್ಲಿ ಇಡೀ ಕಾರು ಮುಗಿದಿತ್ತು.

ಅವರ ಕೈಯಲ್ಲಿದ್ದ ಮುಖ್ಯ ಸಾಧನ ಕೋಳಿಯ ಗರಿ. ಅವರು ಬರೆಯುವುದನ್ನು ಚಿತ್ರೀಕರಿಸಿದ ತುಣುಕುಗಳು ಸುಲಭವಾಗಿ ಸಿಗುತ್ತವೆ, ನಾನು ಅವುಗಳನ್ನು ಮತ್ತೆ ಮತ್ತೆ ನೋಡಿದ್ದೇನೆ. ಗರಿಯನ್ನು ಬಣ್ಣದಲ್ಲಿ ಅದ್ದಿ, ಅದರ ಅಂಚನ್ನು ಮೇಲ್ಮೈಗೆ ಒರಗಿಸಿ, ಅವಸರವಿಲ್ಲದೆ ಎಳೆಯುತ್ತಾ ಹೋಗುತ್ತಾರೆ. ಸ್ಕೇಲು ಇಲ್ಲ, ಮೊದಲೇ ಹಾಕಿಕೊಂಡ ಪೆನ್ಸಿಲ್ ಗುರುತಿಲ್ಲ, ಗೆರೆ ಜಾರದಂತೆ ಅಂಟಿಸುವ ಪಟ್ಟಿಯೂ ಇಲ್ಲ. ಗೆರೆ ಮುಂದೆ ಎಲ್ಲಿ ತಿರುಗಬೇಕು, ಎಲ್ಲಿ ಮೆಟ್ಟಿಲಿನಂತೆ ಇಳಿಯಬೇಕು, ಆಚೆ ಬದಿಯಲ್ಲಿ ಅದರ ಜೋಡಿ ಎಲ್ಲಿ ಕೂಡಬೇಕು ಎಂಬುದೆಲ್ಲ ತಲೆಯಲ್ಲೇ ಇರುತ್ತದೆ. ದೂರದಿಂದ ನೋಡಿದರೆ ಯಂತ್ರ ಎಳೆದ ಗೆರೆ ಎನ್ನಿಸುತ್ತದೆ. ಹತ್ತಿರದಿಂದ ತೆಗೆದ ಚಿತ್ರಗಳಲ್ಲಿ ಮಾತ್ರ ಅಂಚು ಅಲ್ಲಲ್ಲಿ ಕೂದಲೆಳೆಯಷ್ಟು ದಪ್ಪವಾಗಿ, ಮತ್ತೆ ತೆಳುವಾಗಿ ಸಾಗುವುದು ಗೊತ್ತಾಗುತ್ತದೆ.

ಕಾರನ್ನು ಕಲಾಕೃತಿಯಾಗಿಸುವ ಈ ಬಿಎಂಡಬ್ಲ್ಯು ಸರಣಿಗೆ ಈಗ ಐವತ್ತು ವರ್ಷ ತುಂಬಿದೆ. ಅದರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಅವರಿಂದ ಶುರುಮಾಡಿ ಅಲ್ಲಿಯದೇ ಪಾಪ್ ಕಲಾವಿದ ಆಂಡಿ ವಾರ್ಹೋಲ್ ಅವರ ಹತ್ತಿರ ತಂಗಿ, ಮಹ್ಲಾಂಗು ಅವರ ಹೆಸರು ಬಂದಾಗ ಮೊದಲ ಮಹಿಳೆ, ಮೊದಲ ಆಫ್ರಿಕನ್ ಎಂಬ ಎರಡು ವಿಶೇಷಣಗಳನ್ನು ಹೇಳಿ ಮುಂದೆ ಹೋಗಿಬಿಡುತ್ತಾರೆ. ಎರಡೂ ನಿಜವೇ. ಆದರೆ ಅವರ ಕಾರಿನ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಒಂದು ಕಾರು ಕಲಾಕೃತಿಯಾಗುವುದು ನಿಖರವಾಗಿ ಯಾವ ಕ್ಷಣದಲ್ಲಿ, ಯಾರ ಕೈಯಿಂದ? ಬಣ್ಣ ಹಚ್ಚಿದವರಿಂದಲೋ, ಹಚ್ಚಿದ ಮೇಲೆ ಅದನ್ನು ಇನ್ನು ಮುಂದೆ ಓಡಿಸಬಾರದು ಎಂದು ತೀರ್ಮಾನಿಸಿದವರಿಂದಲೋ?

ಇದಕ್ಕೆ ಉತ್ತರ ಹುಡುಕುವ ಮೊದಲು ಸರಣಿ ಹುಟ್ಟಿದ ಬಗೆಯನ್ನು ನೋಡಬೇಕು. ಎರ್ವೆ ಪೂಲಾಂ ಎಂಬ ಫ್ರೆಂಚ್ ಮಹನೀಯರು ವೃತ್ತಿಯಲ್ಲಿ ಕಲಾಕೃತಿಗಳ ಹರಾಜುಗಾರರು, ಹವ್ಯಾಸದಲ್ಲಿ ರೇಸ್ ಚಾಲಕರು. ತಮ್ಮ ಎರಡು ಹುಚ್ಚುಗಳನ್ನೂ ಒಂದೇ ಕಡೆ ಕಟ್ಟಿಹಾಕುವ ಉಪಾಯವಾಗಿ ಅವರು ಗೆಳೆಯ ಕಾಲ್ಡರ್ ಅವರನ್ನು ಕೇಳಿಕೊಂಡರು. ಬಿಎಂಡಬ್ಲ್ಯು ರೇಸಿಂಗ್ ವಿಭಾಗದ ಮುಖ್ಯಸ್ಥ ಯೋಕೆನ್ ನೇರ್ಪಾಶ್ ಒಪ್ಪಿ ಒಂದು 3.0 ಸಿಎಸ್‌ಎಲ್ ಕಾರನ್ನು ಕೊಟ್ಟರು. ಗಾಳಿಗೆ ತೂಗಾಡುವ ಶಿಲ್ಪಗಳನ್ನು ಮಾಡಿ ಹೆಸರಾದ ಕಾಲ್ಡರ್ ಅದಕ್ಕೆ ಕೆಂಪು, ಹಳದಿ, ನೀಲಿಯ ದೊಡ್ಡ ದೊಡ್ಡ ಹರಹುಗಳನ್ನು ಯೋಜಿಸಿದರು. 1975ರ ಜೂನ್‌ನಲ್ಲಿ ಆ ಕಾರು 93ನೆಯ ನಂಬರ್ ಹೊತ್ತು ಫ್ರಾನ್ಸಿನ ಲೆ ಮಾನ್ ಇಪ್ಪತ್ನಾಲ್ಕು ಗಂಟೆಗಳ ರೇಸಿನಲ್ಲಿ ಓಡಿತು. ಚಾಲಕರಲ್ಲಿ ಪೂಲಾಂ ಅವರೂ ಒಬ್ಬರು. ಸುಮಾರು ಏಳು ಗಂಟೆ ಓಡಿದ ಮೇಲೆ ಯಾಂತ್ರಿಕ ದೋಷದಿಂದ ನಿಂತುಹೋಯಿತು. ಮತ್ತೆಂದೂ ರೇಸಿಗೆ ಇಳಿಯಲಿಲ್ಲ. ಮರುವರ್ಷದ ನವೆಂಬರಿನಲ್ಲಿ ಕಾಲ್ಡರ್ ತೀರಿಕೊಂಡರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಾಲ್ಡರ್ ಬಣ್ಣ ಹಚ್ಚಿದ್ದು ಕಾರಿನ ಪುಟ್ಟ ಮಾದರಿಗೆ. ಪೂರ್ಣಗಾತ್ರದ ಕಾರಿಗೆ ಅದನ್ನು ಏರಿಸಿದವರು ಬೇರೆ ಕುಶಲಕರ್ಮಿಗಳು. 1976ರಲ್ಲಿ ಫ್ರಾಂಕ್ ಸ್ಟೆಲ್ಲಾ ಗ್ರಾಫ್ ಹಾಳೆಯಂಥ ಕಪ್ಪುಬಿಳುಪು ಚೌಕಗಳ ಜಾಲವನ್ನು ಹೊದಿಸಿದಾಗಲೂ, 1977ರಲ್ಲಿ ರಾಯ್ ಲಿಕ್ಟನ್‌ಸ್ಟೈನ್ ಕಾಮಿಕ್ಸ್ ಪುಸ್ತಕದ ಚುಕ್ಕೆಗಳಲ್ಲಿ ರಸ್ತೆಯನ್ನೂ ಸೂರ್ಯನನ್ನೂ ತಂದಾಗಲೂ ಪದ್ಧತಿ ಇದೇ ಆಗಿತ್ತು. ಮಾದರಿ ಕಲಾವಿದರದು; ನಿಜವಾದ ತಗಡಿನ ಮೇಲೆ ತಿಂಗಳುಗಟ್ಟಲೆ ಗೆರೆ ಹೊಂದಿಸಿದ್ದು ವಾಲ್ಟರ್ ಮೌರರ್ ಎಂಬ ಜರ್ಮನ್ ಬಣ್ಣಗಾರರು. ಸ್ಟೆಲ್ಲಾ ಅವರ ಚೌಕಗಳು ಚಕ್ರದ ಮೇಲಿನ ಉಬ್ಬಿನಲ್ಲಿ ಸೊಟ್ಟಗಾಗದೆ ಕೂತಿವೆಯಲ್ಲ, ಅದನ್ನು ಕೂರಿಸಿದ ಕೈ ಮೌರರ್ ಅವರದು. ಇದನ್ನು ದೂರಿನಂತೆ ಹೇಳುತ್ತಿಲ್ಲ. ವಿನ್ಯಾಸ ಒಬ್ಬರದು, ಮೈದುಡಿಮೆ ಇನ್ನೊಬ್ಬರದು ಎಂಬುದು ಶಿಲ್ಪಿಗಳ ಕಾರ್ಯಾಗಾರಗಳಲ್ಲಿ ಶತಮಾನಗಳಿಂದ ನಡೆದು ಬಂದದ್ದೇ. ಆದರೆ ಚಿತ್ರದ ಕೆಳಗಿನ ಫಲಕದಲ್ಲಿ ಮೌರರ್ ಅವರ ಹೆಸರಿಗೂ ಒಂದು ಸಾಲು ಸಿಕ್ಕಬೇಕಿತ್ತು ಎಂದು ನಾನು ಹೇಳದೆ ಇರಲಾರೆ.

ಈ ಪದ್ಧತಿಯನ್ನು ಮುರಿದವರು ವಾರ್ಹೋಲ್. 1979ರಲ್ಲಿ ಎಂ1 ಕಾರಿಗೆ ಅವರೇ ಖುದ್ದು ಬಣ್ಣ ಬಳಿದರು, ಮತ್ತು ಅರ್ಧ ಗಂಟೆಯೊಳಗೆ ಮುಗಿಸಿದರು. ಇಪ್ಪತ್ತೆಂಟು ನಿಮಿಷ ಎಂಬುದು ಎಲ್ಲರ ಬಾಯಲ್ಲೂ ಇರುವ ಲೆಕ್ಕ. ಅಗಲ ಕುಂಚದಿಂದ ಸುಮಾರು ಆರು ಕಿಲೋ ಬಣ್ಣ ಬಳಿದು, ಒದ್ದೆ ಬಣ್ಣದ ಮೇಲೆ ಬೆರಳಾಡಿಸಿ ಗೆರೆಗಳನ್ನು ಕೊರೆದರು. ನಿಜಕ್ಕೂ ವೇಗವಾಗಿ ಓಡುವ ಕಾರಿನಲ್ಲಿ ಗೆರೆಯೂ ಬಣ್ಣವೂ ಕಲಸಿಹೋಗುತ್ತವೆ, ಅದನ್ನೇ ತೋರಿಸಿದ್ದೇನೆ ಎಂಬರ್ಥದ ಮಾತನ್ನು ಅವರು ಹೇಳಿದರು. ಆ ಕಾರು ಲೆ ಮಾನ್‌ನಲ್ಲಿ ಒಟ್ಟಾರೆ ಆರನೆಯದಾಗಿ ಗುರಿ ಮುಟ್ಟಿತು. ವಾರ್ಹೋಲ್ ಅವರ ಕಾರು ನನಗೆ ಇಷ್ಟವೇ, ಆದರೆ ಅದರ ಸುತ್ತ ಹೆಣೆದ ಇಪ್ಪತ್ತೆಂಟು ನಿಮಿಷಗಳ ಕತೆ ಕಾರಿಗಿಂತ ದೊಡ್ಡದಾಗಿ ಬೆಳೆದುಬಿಟ್ಟಿದೆ.

ಕಾಲ್ಡರ್‌ನಿಂದ ವಾರ್ಹೋಲ್‌ವರೆಗಿನ ನಾಲ್ಕೂ ರೇಸ್ ಕಾರುಗಳು. ಎಂಬತ್ತರ ದಶಕದಲ್ಲಿ ಸರಣಿ ರೇಸ್ ಮೈದಾನದಿಂದ ಹೊರಬಂದು ರಸ್ತೆಯಲ್ಲಿ ಓಡುವ ಮಾಮೂಲಿ ಕಾರುಗಳ ಕಡೆ ತಿರುಗಿತು. 1986ರಲ್ಲಿ ರಾಬರ್ಟ್ ರೌಶೆನ್‌ಬರ್ಗ್ ಹಳೆಯ ಕಲಾಕೃತಿಗಳ ಫೋಟೋಗಳನ್ನು ಒಂದು 635 ಸಿಎಸ್‌ಐ ಕಾರಿನ ಮೈಮೇಲೆ ತಂದರು. ಓಡಾಡುವ ವಸ್ತುಸಂಗ್ರಹಾಲಯವೊಂದು ಇರಬೇಕೆಂಬುದು ಅವರ ಆಸೆಯಾಗಿತ್ತಂತೆ. 1989ರಲ್ಲಿ ಆಸ್ಟ್ರೇಲಿಯದ ಮೂಲನಿವಾಸಿ ಕಲಾವಿದ ಮೈಕೆಲ್ ಜಗಮಾರ ನೆಲ್ಸನ್ ಒಂದು ಎಂ3 ಕಾರಿಗೆ ತಮ್ಮ ಮರುಭೂಮಿಯ ಚುಕ್ಕೆಚಿತ್ರವನ್ನು ಬರೆದರು. ಮಹ್ಲಾಂಗು ಅವರದು ಸರಣಿಯ ಹನ್ನೆರಡನೆಯ ಕಾರು. 525ಐ ಎಂದರೆ ನಾಲ್ಕು ಬಾಗಿಲಿನ, ದೊಡ್ಡ ಡಿಕ್ಕಿಯ, ಮ್ಯಾನೇಜರುಗಳು ಬೆಳಿಗ್ಗೆ ಆಫೀಸಿಗೆ ಹೋಗುವ ಸೆಡಾನ್. ಅದರಲ್ಲಿ ವೇಗದ ಜಂಬಕ್ಕಿಂತ ಮನೆಮಠ ಇರುವವರ ಸ್ಥಿರತೆಯೇ ಹೆಚ್ಚು. ಮನೆಯ ಗೋಡೆಗೆ ಬರೆಯುವ ಕೈಗೆ ಇದಕ್ಕಿಂತ ಹೊಂದುವ ಕಾರು ಇನ್ನೊಂದಿರಲಾರದು.

ಮಹ್ಲಾಂಗು ಅವರ ಎನ್‌ಡೆಬೆಲೆ ಜನರ ಗೋಡೆಚಿತ್ರಗಳಿಗೆ ಒಂದು ಕಹಿಯಾದ ಹಿನ್ನೆಲೆ ಇದೆ. 1882-83ರಲ್ಲಿ ಟ್ರಾನ್ಸ್‌ವಾಲಿನ ಬೋಯರ್ (ಡಚ್ ಮೂಲದ ಬಿಳಿಯ ವಲಸಿಗರ) ಸರ್ಕಾರ ಅವರ ಅರಸ ನ್ಯಾಬೆಲಾನ ಮೇಲೆ ಯುದ್ಧ ಸಾರಿ, ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, ಹಸಿವಿನಿಂದ ಶರಣಾಗುವಂತೆ ಮಾಡಿತು. ಅರಸ ಸೆರೆಮನೆಗೆ ಹೋದ. ಭೂಮಿಯನ್ನು ಗೆದ್ದವರು ಹಂಚಿಕೊಂಡರು. ಜನರನ್ನು ಬಿಳಿಯರ ಜಮೀನುಗಳಲ್ಲಿ ಐದು ವರ್ಷಗಳ ಜೀತಕ್ಕೆ ಚೆದುರಿಸಿದರು. ಊರೂ ಇಲ್ಲದೆ ಅರಸನೂ ಇಲ್ಲದೆ ಪರರ ಹೊಲದಂಚಿನಲ್ಲಿ ಬದುಕತೊಡಗಿದ ಈ ಜನರ ಹೆಂಗಸರು ಮನೆಯ ಗೋಡೆಗಳ ಮೇಲೆ ತಮ್ಮದೇ ಆದ ಚಿತ್ರಭಾಷೆಯೊಂದನ್ನು ಬೆಳೆಸಿದರು. ಮೊದಮೊದಲು ಮಣ್ಣುಸಗಣಿ ಗಾರೆಯ ಮೇಲೆ ಬೆರಳಲ್ಲಿ ಗೀಚಿದ ವಿನ್ಯಾಸಗಳು, ಕೆಮ್ಮಣ್ಣು, ಇದ್ದಿಲು, ಸುಣ್ಣ, ಬಟ್ಟೆಗೆ ಹಾಕುವ ನೀಲಿ. ಅಂಗಡಿಯ ಬಣ್ಣಗಳು ಕೈಗೆಟುಕಿದ ಮೇಲೆ ಗೆರೆ ಇನ್ನಷ್ಟು ಚೂಪಾಯಿತು, ಬಣ್ಣ ಇನ್ನಷ್ಟು ಗಾಢವಾಯಿತು. ಜಮೀನುದಾರನ ಕಣ್ಣಿಗೆ ಅದು ಹೆಂಗಸರ ಅಲಂಕಾರ. ಇಲ್ಲಿ ನಾವಿದ್ದೇವೆ ಎಂದು ತಮ್ಮವರಿಗೆ ತಿಳಿಸುವ ಗುರುತು ಅದೇ ಅಲಂಕಾರದಲ್ಲಿ ಅಡಗಿತ್ತು ಎಂದು ಹಲವು ವಿದ್ವಾಂಸರು ಭಾವಿಸುತ್ತಾರೆ, ನನಗೂ ಅದು ಒಪ್ಪುವಂತಿದೆ.

ಈ ವಿದ್ಯೆ ತಾಯಿಯಿಂದ ಮಗಳಿಗೆ ಇಳಿದು ಬರುತ್ತದೆ. ತಾವು ಕಲಿತ ಬಗೆಯನ್ನು ಮಹ್ಲಾಂಗು ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅಮ್ಮನೂ ಅಜ್ಜಿಯೂ ಗೋಡೆಗೆ ಬರೆಯುತ್ತಿದ್ದರು, ಮಧ್ಯೆ ದಣಿವಾರಿಸಿಕೊಳ್ಳಲು ಒಳಗೆ ಹೋದಾಗ ಹುಡುಗಿ ಅವರ ಕೆಲಸವನ್ನು ತಾನೇ ಮುಂದುವರಿಸಿದಳು. ಬಂದು ನೋಡಿದವರು ಇನ್ನೊಮ್ಮೆ ಹೀಗೆ ಮಾಡಿದರೆ ನೋಡು ಎಂದು ಗದರಿದರು. ಹುಡುಗಿ ಬಿಡಲಿಲ್ಲ, ಯಾರ ಕಣ್ಣಿಗೂ ಬೀಳದ ಹಿತ್ತಲ ಗೋಡೆಗೆ ಹೋಗಿ ಅಲ್ಲಿ ಬರೆಯತೊಡಗಿದಳು. ಗೆರೆ ಹದಕ್ಕೆ ಬಂದ ಮೇಲೆ ಒಂದು ದಿನ ದೊಡ್ಡವರೇ ಅವಳನ್ನು ಮುಂಬಾಗಿಲ ಗೋಡೆಗೆ ಕರೆದರು. ಮುಂದಿನ ಗೋಡೆ ಎಂದರೆ ಬಂದವರೆಲ್ಲ ನೋಡುವ ಜಾಗ, ಮನೆಯ ಮಾನದ ಜಾಗ. ಕಲೆಯ ಶಾಲೆಗಳು ಕೊಡುವ ಯಾವ ಪದವಿಗೂ ಈ ಹಿತ್ತಲಿನಿಂದ ಅಂಗಳಕ್ಕೆ ಸಿಕ್ಕ ಬಡ್ತಿ ಕಡಿಮೆಯದಲ್ಲ.

ಅಲ್ಲಿಂದ ಪ್ಯಾರಿಸ್ಸಿನವರೆಗಿನ ದಾರಿಯನ್ನು ಬೇಗ ಹೇಳಿಬಿಡಬಹುದು. ಅವರು ಬರೆದ ಮನೆಯನ್ನು ಕಂಡ ಫ್ರೆಂಚ್ ಸಂಶೋಧಕರ ಮೂಲಕ, 1989ರಲ್ಲಿ ಪಾಂಪಿಡೂ ಕೇಂದ್ರವೂ ಲಾ ವಿಲೆಟ್ ಸಭಾಂಗಣವೂ ಸೇರಿ ನಡೆಸಿದ ಜಗತ್ತಿನ ಕಲಾವಿದರ ದೊಡ್ಡ ಪ್ರದರ್ಶನಕ್ಕೆ ಅವರಿಗೆ ಕರೆ ಬಂತು. ಅಲ್ಲಿ ಅವರ ಮನೆಯ ಪ್ರತಿರೂಪವನ್ನೇ ಕಟ್ಟಲಾಗಿತ್ತು, ಅದರ ಗೋಡೆಗಳಿಗೆ ಅವರು ಬರೆದರು. ಎರಡು ವರ್ಷಗಳ ನಂತರ ಕಾರು ಬಂತು.

1991 ದಕ್ಷಿಣ ಆಫ್ರಿಕಾದಲ್ಲಿ ಸಾಮಾನ್ಯ ವರ್ಷವಲ್ಲ. ಹಿಂದಿನ ವರ್ಷ ಮಂಡೇಲಾ ಸೆರೆಮನೆಯಿಂದ ಹೊರಬಂದಿದ್ದರು. ಆ ವರ್ಷ ಜನರನ್ನು ಬಣ್ಣದ ಮೇಲೆ ವಿಂಗಡಿಸಿ ದಾಖಲಿಸುವ ಕಾನೂನು, ಕರಿಯರ ಭೂಮಿಯ ಹಕ್ಕನ್ನು ಕಿತ್ತುಕೊಂಡ ಕಾನೂನು ರದ್ದಾದವು. ಆದರೂ ಮಹ್ಲಾಂಗು ಅವರಿಗೆ ಮತದಾನದ ಹಕ್ಕು ಬರಲು ಇನ್ನೂ ಮೂರು ವರ್ಷ ಬಾಕಿಯಿತ್ತು. ಅವರ ಜನರಿಗೆಂದು ವರ್ಣಭೇದ ಸರ್ಕಾರ ಗೆರೆ ಹಾಕಿಕೊಟ್ಟಿದ್ದ ಕ್ವಾಎನ್‌ಡೆಬೆಲೆ ಎಂಬ ಪ್ರತ್ಯೇಕ ತುಂಡು ನೆಲ ಇನ್ನೂ ನಕ್ಷೆಯಲ್ಲಿತ್ತು. ಅಲ್ಲಿಂದ ಸಾವಿರಾರು ಜನ ಕತ್ತಲಿರುವಾಗಲೇ ಎದ್ದು ಬಸ್ಸಿನಲ್ಲಿ ಗಂಟೆಗಟ್ಟಲೆ ಕೂತು ಪ್ರಿಟೋರಿಯಾದ ಕೆಲಸಗಳಿಗೆ ಹೋಗಿ ರಾತ್ರಿ ಮರಳುತ್ತಿದ್ದರು. ಬಿಎಂಡಬ್ಲ್ಯು ಕಂಪನಿಗೆ ಪ್ರಿಟೋರಿಯಾದ ಹತ್ತಿರದ ರೋಸ್ಲಿನ್‌ನಲ್ಲಿ ಎಪ್ಪತ್ತರ ದಶಕದಿಂದಲೇ ಕಾರ್ಖಾನೆಯಿದೆ. ಹೀಗಿರುವಾಗ ಹೊಳೆಯುವ ಸೆಡಾನ್ ಒಂದಕ್ಕೆ ಎನ್‌ಡೆಬೆಲೆ ಹೆಂಗಸಿನ ಕೈಯಲ್ಲಿ ಬಣ್ಣ ಬರೆಸುವುದರಲ್ಲಿ ಕಂಪನಿಗೆ ಲಾಭವೇ ಇರಲಿಲ್ಲ ಎಂದು ನಂಬುವಷ್ಟು ಮುಗ್ಧತೆ ನಮಗೆ ಬೇಕಾಗಿಲ್ಲ. ಬದಲಾಗುತ್ತಿರುವ ದೇಶದಲ್ಲಿ ಕಂಪನಿಗೂ ಹೊಸ ಮುಖ ಬೇಕಿತ್ತು. ಕೆಲಸ ಒಪ್ಪಿಕೊಂಡ ಕಲಾವಿದೆಗೂ ತನ್ನ ಜನರ ಗೆರೆ ಎಲ್ಲಿಯವರೆಗೆ ಹೋಗಬಲ್ಲದು ಎಂಬ ಲೆಕ್ಕ ಸ್ಪಷ್ಟವಾಗಿತ್ತು. ಇಬ್ಬರ ಲೆಕ್ಕವೂ ಫಲಿಸಿತು, ಅಷ್ಟೇ.

ನನ್ನನ್ನು ಹೆಚ್ಚು ಕಾಡುವುದು ಆ ಕಾರಿನ ಬಗ್ಗೆ ಬರೆದವರ ಧಾಟಿ. ಕಾಲ್ಡರ್ ಅವರ ಕಾರಿನಲ್ಲಿ ಅಮೆರಿಕನ್ ಸಂಪ್ರದಾಯವನ್ನು ಯಾರೂ ಹುಡುಕುವುದಿಲ್ಲ, ಅಲ್ಲಿ ಕಾಲ್ಡರ್ ಇದ್ದಾರೆ. ಮಹ್ಲಾಂಗು ಅವರ ಕಾರಿನ ವಿಷಯ ಬಂದರೆ ಮಾತ್ರ ಬುಡಕಟ್ಟು, ಪರಂಪರೆ, ಅನಾದಿ ಎಂಬ ಮಾತುಗಳು ಸಾಲಾಗಿ ನಿಲ್ಲುತ್ತವೆ, ಬರೆದವರು ಹಿಂದೆ ಸರಿಯುತ್ತಾರೆ. ಎನ್‌ಡೆಬೆಲೆ ಗೋಡೆಗಳಲ್ಲಿ ಅನಾದಿ ಎಂಬುದು ಬಹಳ ಕಡಿಮೆ. ಕ್ಷೌರದ ಬ್ಲೇಡಿನ ಆಕಾರ ಅವರ ಪ್ರಿಯವಾದ ವಿನ್ಯಾಸಗಳಲ್ಲಿ ಒಂದು. ಪಟ್ಟಣದಲ್ಲಿ ಕೆಲಸಕ್ಕಿದ್ದ ಹೆಂಗಸರು ಕಂಡು ಬಂದ ವಿದ್ಯುದ್ದೀಪ, ಮಹಡಿಯ ಮೆಟ್ಟಿಲು, ಆಕಾಶದಲ್ಲಿ ಹಾದ ವಿಮಾನ, ಕಾರಿನ ನಂಬರ್ ಪ್ಲೇಟಿನ ಅಕ್ಷರಗಳು ಕೂಡ ಗೋಡೆ ಸೇರಿವೆ. ತಮ್ಮ ಮನೆಯಲ್ಲಿ ಇಲ್ಲದ ದೀಪವನ್ನು ಗೋಡೆಯ ಮೇಲೆ ಬೆಳಗಿಸಿದವರು ಅವರು. ಕಾರು ಆ ಚಿತ್ರಕ್ಕೆ ಪರಕೀಯ ವಸ್ತುವಾಗಿರಲಿಲ್ಲ. ಪಟ್ಟಣದ ವಸ್ತುಗಳನ್ನು ಗೋಡೆಗೆ ತಂದುಕೊಂಡಿದ್ದ ಪದ್ಧತಿ ಈಗ ಪಟ್ಟಣದ ವಸ್ತುವಿನ ಮೈಮೇಲೆಯೇ ಹೋಗಿ ಕೂತಿತು.

ಇನ್ನು ಕಾರನ್ನೇ ನೋಡೋಣ. ಬಿಳಿಯ ತಳದ ಮೇಲೆ ದಪ್ಪ ಕಪ್ಪು ಗೆರೆಗಳು, ಆ ಗೆರೆಗಳ ಒಳಗೆ ನೆರಳು ಬೆಳಕಿನ ಯಾವ ಆಟವೂ ಇಲ್ಲದ ಸಪಾಟಾದ ನೀಲಿ, ಹಸಿರು, ಹಳದಿ, ಗುಲಾಬಿ, ಮಣ್ಣಿನ ಬಣ್ಣಗಳು. ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುವ ಆಕಾರಗಳು, ತ್ರಿಕೋನಗಳು, ಒಂದರೊಳಗೊಂದು ಕೂತ ಚೌಕಗಳು. ಕಾರಿನ ಮೈ ಉದ್ದಕ್ಕೆ ಹೊಳೆಯುವಂತೆ, ಬೆಳಕು ಅದರ ಮೇಲೆ ಜಾರುವಂತೆ ಮಾಡಲು ವಿನ್ಯಾಸಕಾರರು ವರ್ಷಗಟ್ಟಲೆ ಶ್ರಮಿಸಿರುತ್ತಾರೆ. ಮಹ್ಲಾಂಗು ಅವರ ಗೆರೆ ಆ ಜಾರುವಿಕೆಯನ್ನು ತಡೆದು ನಿಲ್ಲಿಸುತ್ತದೆ, ಕಣ್ಣು ಒಂದು ಅಂಕಣದಿಂದ ಇನ್ನೊಂದು ಅಂಕಣಕ್ಕೆ ಹೆಜ್ಜೆ ಹಾಕಿಕೊಂಡು ಹೋಗಬೇಕಾಗುತ್ತದೆ. ಲಿಕ್ಟನ್‌ಸ್ಟೈನ್ ಕಾರು ದಾಟಿ ಬಂದ ದಾರಿಯನ್ನು ಅದರ ಮೈಮೇಲೆ ತೋರಿಸಿದರು, ವಾರ್ಹೋಲ್ ವೇಗವನ್ನು ಕಲಸಿ ತೋರಿಸಿದರು, 2010ರಲ್ಲಿ ಜೆಫ್ ಕೂನ್ಸ್ ಬಣ್ಣದ ಪಟ್ಟೆಗಳನ್ನು ಸ್ಫೋಟದಂತೆ ಹಿಂದಕ್ಕೆ ಹಾರಿಸಿದರು. ಇವರೆಲ್ಲರಿಗೂ ಕಾರು ಎಂದರೆ ಓಟ. ನಿಂತಾಗಲೂ ಓಡುವಂತೆ ಕಾಣಬೇಕೆಂಬ ಹಟ ಅವರ ಕೆಲಸದಲ್ಲಿದೆ, ಕೂನ್ಸ್ ಅವರಲ್ಲಂತೂ ಅದು ಸ್ವಲ್ಪ ಅತಿಯಾಗಿದೆ. ಮಹ್ಲಾಂಗು ಓಟದ ಗೊಡವೆಗೇ ಹೋಗಲಿಲ್ಲ. ಅವರು ಕಾರನ್ನು ಮನೆಯಂತೆ ನೋಡಿದರು. ಮನೆಗೆ ನಾಲ್ಕು ಗೋಡೆ, ಕಾರಿಗೆ ನಾಲ್ಕು ಬದಿ. ಬಾಗಿಲಿದೆ, ಕಿಟಕಿಯಿದೆ, ಒಳಗೆ ಜನ ಕೂರುತ್ತಾರೆ. ಇಡೀ ಸರಣಿಯಲ್ಲಿ ಕಾರಿನ ಬಗ್ಗೆ ಇಷ್ಟು ಸರಳವಾದ, ಇಷ್ಟು ಸ್ವತಂತ್ರವಾದ ಯೋಚನೆ ಬೇರೆ ಯಾರಿಗೂ ಹೊಳೆದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಲೆನಾಡಿನ ಕಡೆಯವರಿಗೆ ಇದು ತೀರ ದೂರದ ಮಾತೆನಿಸುವುದಿಲ್ಲ. ಸಾಗರ, ಸೊರಬ, ಸಿದ್ದಾಪುರದ ಸೀಮೆಯ ದೀವರ ಮನೆಗಳಲ್ಲಿ ಮದುವೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಸಾರಿಸಿದ ಗೋಡೆ, ನೆನೆಸಿ ರುಬ್ಬಿದ ಅಕ್ಕಿಯ ಬಿಳಿ, ಹುರಿದು ಕರಿದಾಗಿಸಿದ ಅಕ್ಕಿಯ ಕಪ್ಪು, ಗುರಿಗೆಯ ಹಳದಿ, ಪುಂಡಿ ನಾರನ್ನು ಜಜ್ಜಿ ಮಾಡಿದ ಕುಂಚ. ಚಿತ್ತಾರಗಿತ್ತಿಯರು ಎಳೆಗೆ ಎಳೆ ಕೂಡಿಸಿ ಗೆರೆ ಎಳೆಯುವುದನ್ನು ನೋಡಿದವರಿಗೆ ಮಹ್ಲಾಂಗು ಅವರ ಕೋಳಿಗರಿಯ ನಡೆ ಪರಿಚಿತವೇ. ಅಲ್ಲಿಯೂ ಇಲ್ಲಿಯೂ ಬರೆಯುವವರು ಹೆಂಗಸರು, ಗೆರೆಗಳ ಲೆಕ್ಕ ಬಾಯಿಯಿಂದ ಕೈಗೆ ಬಂದದ್ದು. ಇನ್ನೂ ಹತ್ತಿರದ ಹೋಲಿಕೆ ಬೇಕಾದರೆ ಭೂಮಣ್ಣಿ ಬುಟ್ಟಿಯನ್ನು ನೆನೆಯಬಹುದು. ಭೂಮಿ ಹುಣ್ಣಿಮೆಯಂದು ಗದ್ದೆಗೆ ಎಡೆ ಒಯ್ಯುವ ಆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿಸಿ, ಚಿತ್ತಾರ ಬರೆದು, ಬೆಳಕು ಹರಿಯುವ ಮೊದಲೇ ತಲೆಯ ಮೇಲೆ ಹೊತ್ತುಕೊಂಡು ಗದ್ದೆಗೆ ನಡೆಯುತ್ತಾರೆ. ಬುಟ್ಟಿ ಕಲಾಕೃತಿಯಾದ ಮೇಲೂ ಬುಟ್ಟಿಯೇ. ಅದರಲ್ಲಿ ಅಡುಗೆ ಇರುತ್ತದೆ, ಅದು ಊರು ದಾಟಿ ಹೋಗುತ್ತದೆ, ಮುಂದಿನ ವರ್ಷ ಹೊಸದಾಗಿ ಬರೆಯಿಸಿಕೊಳ್ಳುತ್ತದೆ.

ಎನ್‌ಡೆಬೆಲೆ ಗೋಡೆಯ ನಡೆಯೂ ಅದೇ. ಮಣ್ಣಿನ ಬಣ್ಣಗಳ ಕಾಲದಲ್ಲಿ ಮಳೆಗಾಲ ಹೊರಗೋಡೆಯನ್ನು ತೊಳೆದುಹಾಕುತ್ತಿತ್ತು. ಗಂಡುಮಕ್ಕಳು ಪ್ರಾಯಕ್ಕೆ ಬರುವ ದೀಕ್ಷೆ ಮುಗಿಸಿ ಮನೆಗೆ ಬರುವ ಸಂದರ್ಭಕ್ಕೋ ಮದುವೆಗೋ ಗೋಡೆ ಮತ್ತೆ ಹೊಸದಾಗುತ್ತಿತ್ತು. ಹಳೆಯ ಚಿತ್ರದ ಮೇಲೆಯೇ ಹೊಸ ಚಿತ್ರ. ಅಮ್ಮನ ಗೆರೆಯ ಮೇಲೆ ಮಗಳ ಗೆರೆ. ಅಳಿಸಿಹೋಯಿತು ಎಂದು ಯಾರೂ ಮರುಗುತ್ತಿರಲಿಲ್ಲ, ಏಕೆಂದರೆ ಉಳಿಯಬೇಕಾದದ್ದು ಗೋಡೆಯ ಮೇಲಿನ ಬಣ್ಣವಲ್ಲ, ಅದನ್ನು ಮತ್ತೆ ಬರೆಯಬಲ್ಲ ಕೈ. ನಮ್ಮ ಹೆದ್ದಾರಿಯ ಲಾರಿಗಳಿಗೂ ಇಂಥದೇ ಆಯುಷ್ಯ. ಎಫ್‌ಸಿ ಮಾಡಿಸುವ ಹೊತ್ತಿಗೆ ಲಾರಿಯ ಮೈಗೆ ಹೊಸ ಬಣ್ಣ ಬೀಳುತ್ತದೆ, ಹಿಂದಿನ ಬಾರಿ ಪೇಂಟರ್ ಬಿಡಿಸಿದ್ದ ಹಸು, ಕಮಲ, ನವಿಲು ಅದರಡಿ ಮುಚ್ಚಿಹೋಗುತ್ತವೆ. ಆ ಪೇಂಟರ್ ಕೂಡ ಅಳುವುದಿಲ್ಲ, ಅವನಿಗೆ ಅದು ಮುಂದಿನ ಕೆಲಸ.

ಮಹ್ಲಾಂಗು ಅವರ 525ಐಗೆ ಆದದ್ದು ಇದರ ತಿರುವುಮುರುವು. ಬಣ್ಣ ಒಣಗಿದ ದಿನದಿಂದ ಅದು ಮುಟ್ಟಬಾರದ ವಸ್ತುವಾಯಿತು. ಕಂಪನಿಯ ಸಂಗ್ರಹ ಸೇರಿ, 1994ರಲ್ಲಿ ವಾಷಿಂಗ್ಟನ್ನಿನ ಮಹಿಳಾ ಕಲಾವಿದರ ವಸ್ತುಸಂಗ್ರಹಾಲಯ, 2016ರಲ್ಲಿ ದಕ್ಷಿಣ ಆಫ್ರಿಕಾದ ಕಲೆಯ ಪ್ರದರ್ಶನಕ್ಕಾಗಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಹೀಗೆ ಊರೂರು ಸುತ್ತಿತು. ಆದರೆ ತನ್ನ ಚಕ್ರದ ಮೇಲೆ ಉರುಳಿಕೊಂಡು ಅಲ್ಲ, ಸಾಗಣೆಯ ಸರಕಾಗಿ. ಕಾಲ್ಡರ್ ಅವರ ಕಾರಾದರೂ ಏಳು ಗಂಟೆ ಓಡಿತು. ಈ ಕಾರಿಗೆ ಅಷ್ಟೂ ಸಿಗಲಿಲ್ಲ. ಮೇಲೆ ಕೇಳಿದ ಪ್ರಶ್ನೆಗೆ ನನಗೆ ತೋಚುವ ಉತ್ತರ ಇದು: ಮಹ್ಲಾಂಗು ಕಾರಿಗೆ ಬರೆದಾಗ ಅದು ಚೆಂದವಾಗಿ ಬರೆದ ಕಾರಾಯಿತು, ಅವರ ಮನೆ ಚೆಂದವಾಗಿ ಬರೆದ ಮನೆಯಾಗಿದ್ದಂತೆ. ಅದನ್ನು ಬಳಕೆಯಿಂದ ಹೊರಗೆ ಎಳೆದು, ಹಗ್ಗ ಕಟ್ಟಿ, ಮುಟ್ಟಬೇಡಿ ಎಂದು ಹಲಗೆ ಹಾಕಿದಾಗ ಮ್ಯೂಸಿಯಮ್ಮಿನ ಅರ್ಥದ ಕಲಾಕೃತಿಯಾಯಿತು. ಮೊದಲನೆಯದನ್ನು ಕಲಾವಿದೆ ಮಾಡಿದರು, ಎರಡನೆಯದನ್ನು ಮಾಲೀಕರು.

ಕಾರನ್ನು ನಿಲ್ಲಿಸುವುದನ್ನೇ ಕಲೆಯ ವಿಷಯ ಮಾಡಿಕೊಂಡವರೂ ಇದ್ದಾರೆ ಎಂಬುದನ್ನು ಇಲ್ಲಿ ಹೇಳಬೇಕು, ಇಲ್ಲವಾದರೆ ನನ್ನ ಮಾತು ಏಕಪಕ್ಷೀಯವಾದೀತು. ಮೆಕ್ಸಿಕೋದ ಗೇಬ್ರಿಯಲ್ ಒರೋಸ್ಕೊ 1993ರಲ್ಲಿ ಸಿಟ್ರೋಎನ್ ಡಿಎಸ್ ಕಾರೊಂದನ್ನು ಉದ್ದಕ್ಕೆ ಮೂರು ಸೀಳು ಮಾಡಿ, ನಡುವಿನ ಸೀಳನ್ನು ತೆಗೆದು, ಉಳಿದೆರಡನ್ನು ಬೆಸೆದರು. ನೋಡಲು ಬಾಣದಂತೆ ಚೂಪಾದ ಆ ಕಾರಿಗೆ ಎಂಜಿನ್ನೇ ಇಲ್ಲ. 2007ರಲ್ಲಿ ಒಲಾಫುರ್ ಎಲಿಯಾಸನ್ ಬಿಎಂಡಬ್ಲ್ಯು ಸರಣಿಗಾಗಿಯೇ ಹೈಡ್ರೋಜನ್ ಕಾರೊಂದರ ಹೊರಮೈಯನ್ನು ಕಳಚಿ, ಉಕ್ಕಿನ ಜಾಲರಿಯ ಮೇಲೆ ನೀರು ಹೆಪ್ಪುಗಟ್ಟಿಸಿ ಮಂಜಿನ ಚರ್ಮ ತೊಡಿಸಿದರು. ಅದನ್ನು ನೋಡಲು ಜನ ಶೀತಲೀಕರಿಸಿದ ಕೋಣೆಯೊಳಗೆ ಹೋಗಬೇಕಿತ್ತು. ಈ ಇಬ್ಬರೂ ಓಡಲಾರದ ಕಾರನ್ನು ತಿಳಿದೇ ಮಾಡಿದವರು, ಅವರ ಕಾರು ನಿಂತದ್ದು ಅವರ ಇಚ್ಛೆಯಿಂದ. ಮಹ್ಲಾಂಗು ಅವರ ಸೆಡಾನ್ ನಿಂತದ್ದು ಹಾಗಲ್ಲ.

ನಂತರದ ವರ್ಷಗಳಲ್ಲಿ ಮಹ್ಲಾಂಗು ಅವರ ಗೆರೆ ಬಹಳಷ್ಟು ವಸ್ತುಗಳ ಮೇಲೆ ಹರಿದಿದೆ. 2016ರಲ್ಲಿ ಬಿಎಂಡಬ್ಲ್ಯು ಕಂಪನಿಯ 7 ಸರಣಿಯ ಕಾರೊಂದರ ಒಳಗಿನ ಮರದ ಪಟ್ಟಿಗಳಿಗೆ ಅವರು ಬರೆದರು. 2024ರಲ್ಲಿ ಕೇಪ್‌ಟೌನಿನ ರಾಷ್ಟ್ರೀಯ ಗ್ಯಾಲರಿಯಲ್ಲಿ ಅವರ ಜೀವಮಾನದ ಕೆಲಸದ ದೊಡ್ಡ ಪ್ರದರ್ಶನ ನಡೆದಾಗ 525ಐ ಕೂಡ ತಾಯ್ನಾಡಿಗೆ ಬಂದು ನಿಂತಿತು. ಅದೇ ವರ್ಷ ಕಂಪನಿ ಅವರ ಗೌರವಾರ್ಥ ಇನ್ನೊಂದು ಕಾರನ್ನು ತೋರಿಸಿತು. ಅವರ ಮಗನ ಹೆಸರನ್ನೇ ಇಟ್ಟ ಆ ವಿದ್ಯುತ್ ಕಾರಿನ ಮೈಗೆ ಇ-ಪುಸ್ತಕಗಳ ಪರದೆಯಲ್ಲಿರುವಂಥ ವಿದ್ಯುನ್ಮಾನ ಶಾಯಿಯ ಹಾಳೆಗಳನ್ನು 1349 ತುಂಡುಗಳಾಗಿ ಕತ್ತರಿಸಿ ಅಂಟಿಸಲಾಗಿತ್ತು. ಗುಂಡಿ ಒತ್ತಿದರೆ ಎನ್‌ಡೆಬೆಲೆ ವಿನ್ಯಾಸಗಳು ಒಂದರ ಹಿಂದೊಂದು ಬಣ್ಣ ಬದಲಿಸುತ್ತವೆ. ಗೋಡೆ ಮತ್ತೆ ಮತ್ತೆ ಹೊಸದಾಗಬೇಕು ಎಂಬ ಹಳೆಯ ನಿಯಮ ಒಂದು ರೀತಿಯಲ್ಲಿ ಈ ಕಾರಿನಲ್ಲಿ ಮರಳಿ ಬಂದಿದೆ ಎನ್ನಬಹುದು, ಆದರೆ ಹೊಸದಾಗಿಸುವ ಕೆಲಸವನ್ನು ಕಂಪ್ಯೂಟರ್ ವಹಿಸಿಕೊಂಡಿದೆ. ತಂತ್ರಜ್ಞಾನದ ದೃಷ್ಟಿಯಿಂದ ಅದು ಸೊಗಸಾಗಿದೆ. ಚಿತ್ರವಾಗಿ ನೋಡಿದರೆ ನನಗೆ ಅದರಲ್ಲಿ ಗೆರೆಯ ಆ ಕೂದಲೆಳೆಯ ದಪ್ಪತೆಳುವು ಕಾಣುವುದಿಲ್ಲ.

ಮ್ಪುಮಲಂಗಾ ಪ್ರಾಂತದ ತಮ್ಮ ಮನೆಯ ಆವರಣದಲ್ಲೇ ಮಹ್ಲಾಂಗು ಊರಿನ ಮಕ್ಕಳಿಗೆ ಗರಿ ಹಿಡಿಯುವುದನ್ನು ಕಲಿಸುತ್ತಾ ಬಂದಿದ್ದಾರೆ. ಅವರ ಅಮ್ಮ ಹೆಣ್ಣುಮಕ್ಕಳಿಗೆ ಮಾತ್ರ ಕಲಿಸಿದ್ದನ್ನು ಅವರು ಹುಡುಗರಿಗೂ ಕಲಿಸಿದ್ದಾರೆ. ಕಂಪನಿಗೆ ಇನ್ನೊಂದು ಕಾರು ಕೊಡುವ ಮನಸ್ಸಿದ್ದರೆ ಅದನ್ನು ಆ ಅಂಗಳಕ್ಕೆ ಕೊಡಬೇಕು ಎಂಬುದು ನನ್ನ ಸಲಹೆ. ಹಳೆಯದಾದರೂ ಅಡ್ಡಿಯಿಲ್ಲ, ಎಂಜಿನ್ ಸರಿಯಿರಬೇಕು, ನಂಬರ್ ಪ್ಲೇಟ್ ಇರಬೇಕು, ಮಕ್ಕಳು ಬರೆದ ಮೇಲೆ ಯಾರಾದರೂ ಅದರಲ್ಲಿ ದಿನವೂ ಸಂತೆಗೋ ಆಸ್ಪತ್ರೆಗೋ ಓಡಾಡಬೇಕು. ಧೂಳಿಗೆ ಬಣ್ಣ ಮಾಸಿ, ಬಾಗಿಲ ಬುಡದಲ್ಲಿ ಗೀರು ಬಿದ್ದಾಗ ಚಳಿಗಾಲದಲ್ಲಿ ಇನ್ನೊಂದು ತಂಡ ಅದರ ಮೇಲೆಯೇ ಬೇರೆ ಚಿತ್ರ ಬರೆಯಬೇಕು. ಇದಕ್ಕೆ ವಿಮೆ ಮಾಡಿಸಲು ಯಾವ ಕಂಪನಿ ಒಪ್ಪೀತು ಎಂಬುದು ಬೇರೆಯ ಮಾತು.